ಜವಳಿ ಅಂಗಡಿಗೆ ಕೊಟ್ಟ ನಂಬರ್ ಸಾಲದ ಕಂಪನಿಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ನಾನು ಹಾಸನದವಳು. ಮಗಳ ಮದುವೆ ಗೊತ್ತಾಗಿದೆ. ಹೋದ ತಿಂಗಳು ಬಿ.ಎಂ. ರಸ್ತೆಯ ಒಂದು ದೊಡ್ಡ ಅಂಗಡಿಯಲ್ಲಿ ಜವಳಿ ತೆಗೆದೆವು. ಸುಮಾರು 80 ಸಾವಿರ ಬಿಲ್ ಆಯಿತು. ಕೌಂಟರಿನಲ್ಲಿ ಮೊಬೈಲ್ ನಂಬರ್ ಕೊಡಲೇಬೇಕು ಅಂದರು, ಕೊಟ್ಟೆ. ಆಮೇಲೆ ಲಕ್ಕಿ ಡ್ರಾ ಕೂಪನ್ ಕೊಟ್ಟರು. ಅದರಲ್ಲಿ ಕೇಳಿದ್ದನ್ನೆಲ್ಲಾ ಬರೆದು ಡಬ್ಬಕ್ಕೆ ಹಾಕಿದೆ. ಮಗಳ ನಂಬರನ್ನೂ ಬರೆದೆ. ಹತ್ತು ದಿನ ಆಗುವಷ್ಟರಲ್ಲಿ ಕರೆಗಳು ಶುರುವಾದವು. ಛತ್ರ ಬೇಕಾ, ಅಡುಗೆಯವರು ಬೇಕಾ, ಪರ್ಸನಲ್ ಲೋನ್ ಬೇಕಾ ಅಂತ. ಒಬ್ಬ ಹುಡುಗ 'ಮಾಘದಲ್ಲಿ ಮಗಳ ಮದುವೆ ಅಲ್ವಾ ಮೇಡಂ' ಅಂತಲೇ ಮಾತು ಶುರು ಮಾಡಿದ. ಕೇಳಿ ಕೈಕಾಲು ತಣ್ಣಗಾಯಿತು. ಅಂಗಡಿಗೆ ಹೋಗಿ ವಿಚಾರಿಸಿದರೆ 'ನಾವು ಯಾರಿಗೂ ಕೊಟ್ಟಿಲ್ಲ' ಅಂತಾರೆ. ಹೀಗೆ ನಮ್ಮ ವಿವರ ಬೇರೆಯವರಿಗೆ ಕೊಡುವ ಹಕ್ಕು ಅಂಗಡಿಯವರಿಗೆ ಇದೆಯಾ? ನಂಬರ್ ಕೊಡದೆ ಬಿಲ್ ಮಾಡಿಸೋಕೆ ಆಗಲ್ವಾ? ಈಗ ನಾನು ಏನು ಮಾಡಬಹುದು? ಕೂಪನ್ನಿನ ಅರ್ಧ ಚೀಟಿ ನನ್ನ ಹತ್ತಿರ ಇದೆ, ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬಿಲ್ಲಿಗೆ ಅಂತ ಕೊಟ್ಟ ನಂಬರನ್ನು ನಿಮ್ಮನ್ನು ಕೇಳದೆ ಛತ್ರದವರಿಗೋ ಸಾಲದ ಕಂಪನಿಗೋ ದಾಟಿಸುವ ಹಕ್ಕು ಅಂಗಡಿಯವರಿಗೆ ಇಲ್ಲ. ನಂಬರ್ ಕೊಡದೆ ಬಿಲ್ ಮಾಡಿಸಬಹುದು. ಈಗಲೂ ಮಾಡುವಂಥದ್ದು ಸಾಕಷ್ಟಿದೆ. ಆದರೆ ಅದಕ್ಕೂ ಮುಂಚೆ ನಿಮ್ಮ ವಿವರ ಯಾವ ದಾರಿಯಲ್ಲಿ ಹೋಯಿತು ಅಂತ ನೋಡೋಣ. ದಾರಿ ಗೊತ್ತಾಗದಿದ್ದರೆ ಯಾರ ಮೇಲೆ, ಏನಂತ ದೂರು ಕೊಡುವುದು?

ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುಳಿವಿದೆ. ಆ ಹುಡುಗ 'ಮಾಘದಲ್ಲಿ ಮದುವೆ' ಅಂದ. ಬಿಲ್ಲಿನಲ್ಲಿ ಮದುವೆ ವಿಷಯ ಇರುವುದಿಲ್ಲ. ಎಷ್ಟು ಸೀರೆ, ಎಷ್ಟು ಪಂಚೆ, ಎಷ್ಟು ಮೀಟರ್ ಬಟ್ಟೆ, ಎಷ್ಟು ತೆರಿಗೆ, ಅಷ್ಟೇ. ಧಾರೆ ಸೀರೆ ಕೊಂಡಿದ್ದರಿಂದ ಮದುವೆ ಅಂತ ಊಹಿಸಬಹುದು. ಆದರೆ ತಿಂಗಳನ್ನು ಊಹಿಸೋಕೆ ಆಗಲ್ಲ. ನೀವು ಕಳಿಸಿದ ಅರ್ಧ ಚೀಟಿಯನ್ನು ದೊಡ್ಡದು ಮಾಡಿ ನೋಡಿದೆ. ಅದರಲ್ಲಿ 'ಮನೆಯಲ್ಲಿ ಶುಭ ಸಮಾರಂಭ ಇದೆಯೇ? ಯಾವ ತಿಂಗಳು?' ಅಂತ ಒಂದು ಸಾಲಿದೆ. ನೀವು ತುಂಬಿಸಿ ಡಬ್ಬಕ್ಕೆ ಹಾಕಿದ ಅರ್ಧದಲ್ಲೂ ಅದೇ ಸಾಲು ಇರಬೇಕು. ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಅಂಗಡಿ ಮತ್ತು ಅದರ 'ಸಹಯೋಗಿಗಳು' ನಿಮ್ಮನ್ನು ಕೊಡುಗೆಗಳಿಗಾಗಿ ಸಂಪರ್ಕಿಸಬಹುದು ಅಂತ ಅಚ್ಚಾಗಿದೆ. ಸಹಯೋಗಿಗಳು ಯಾರು, ಎಷ್ಟು ಜನ, ಯಾವ ಊರಿನವರು ಅನ್ನುವುದು ಎಲ್ಲೂ ಇಲ್ಲ.

ಹಾಗಾಗಿ ನನ್ನ ಅಂದಾಜು ಇಷ್ಟು. ನಿಮ್ಮ ನಂಬರ್ ಕೌಂಟರಿನ ಕಂಪ್ಯೂಟರಿನಿಂದ ಹೋಗಿರಲಿಕ್ಕಿಲ್ಲ, ಡಬ್ಬದಿಂದ ಹೋಗಿದೆ. ಅಂಗಡಿಯವರು 'ನಾವು ಕೊಟ್ಟಿಲ್ಲ' ಅಂದಿದ್ದು ಅವರ ಮಟ್ಟಿಗೆ ನಿಜವೇ ಆಗಿರಬಹುದು. ಇಂಥ ಲಕ್ಕಿ ಡ್ರಾಗಳನ್ನು ಎಷ್ಟೋ ಸಲ ಅಂಗಡಿಯವರು ನಡೆಸುವುದೇ ಇಲ್ಲ. ಹೊರಗಿನ ಒಂದು ಪ್ರಚಾರ ಏಜೆನ್ಸಿ ನಡೆಸುತ್ತದೆ. ಕೂಪನ್ ಅಚ್ಚು ಹಾಕಿಸುವುದು, ಬ್ಯಾನರ್ ಕಟ್ಟುವುದು, ಸ್ಕೂಟರ್ ತಂದು ಬಾಗಿಲಲ್ಲಿ ನಿಲ್ಲಿಸುವುದು ಎಲ್ಲಾ ಅವರದೇ. ಕೊನೆಗೆ ಡಬ್ಬವನ್ನೂ ಅವರೇ ಒಯ್ಯುತ್ತಾರೆ. ಕೂಪನ್ನುಗಳು ಎಕ್ಸೆಲ್ ಶೀಟಿಗೆ ಇಳಿಯುತ್ತವೆ. ಮದುವೆ ಇರುವ ಮನೆಗಳು ಒಂದು ಕಡೆ, ಮನೆ ಕಟ್ಟಿಸುವವರು ಇನ್ನೊಂದು ಕಡೆ, ಮಕ್ಕಳನ್ನು ಪಿಯುಸಿಗೆ ಸೇರಿಸುವವರು ಮತ್ತೊಂದು ಕಡೆ. ಹೀಗೆ ಬೇರೆ ಬೇರೆ ಮಾಡಿದ ಪಟ್ಟಿಗೆ ಬೆಲೆ ಜಾಸ್ತಿ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ, ದೀಪಾವಳಿಯ ಆಸುಪಾಸಿನಲ್ಲಿ, ಊರಿಗೆ ಊರೇ ಪೇಟೆಯಲ್ಲಿ ಇರುತ್ತದೆ. ಆಗ ಇಂಥ ಡಬ್ಬಗಳೂ ಜಾಸ್ತಿ.

ಡಬ್ಬ ಒಂದೇ ದಾರಿ ಅಂತ ತಿಳಿಯಬೇಡಿ. ಕೌಂಟರಿನ ಕಡೆಗೂ ಸ್ವಲ್ಪ ನೋಡಿ. ಬಿಲ್ ಹಾಕುವ ಹುಡುಗಿ ಬಟ್ಟೆಯ ಬಾರ್‌ಕೋಡ್ ಹೊಡೆಯುವ ಮುಂಚೆಯೇ ತೆರೆಯ ಮೇಲೆ 'ಮೊಬೈಲ್' ಅನ್ನುವ ಖಾನೆ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಕೆಂಪು ನಕ್ಷತ್ರದ ಗುರುತು. ಹತ್ತು ಅಂಕಿ ತುಂಬದೆ ಮುಂದೆ ಹೋಗಲ್ಲ. 'ಸಿಸ್ಟಮ್ ತಗೊಳ್ಳಲ್ಲ ಮೇಡಂ' ಅಂತ ಅವಳು ಹೇಳುವುದು ಸುಳ್ಳಲ್ಲ. ಆದರೆ ಆ ಸಿಸ್ಟಮ್ ಹಾಗೆ ಇರಲಿ ಅಂತ ಸೆಟ್ ಮಾಡಿದವರು ಒಬ್ಬರು ಇದ್ದಾರೆ, ಅದು ಕಾನೂನು ಅಲ್ಲ. ಗಿರಾಕಿ ಗಟ್ಟಿಯಾಗಿ 'ಕೊಡಲ್ಲ' ಅಂದರೆ ಅದೇ ಹುಡುಗಿ ಹತ್ತು ಸಲ ಒಂಬತ್ತು ಒತ್ತಿ ಬಿಲ್ ತೆಗೆದುಕೊಡುತ್ತಾಳೆ. ಗಮನಿಸಿ ನೋಡಿ, ನಿಮ್ಮ ಮುಂದೆ ನಿಂತವರಿಗೆ ಹಾಗೆ ಮಾಡಿದ್ದು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಆ ಖಾನೆಗೆ ಹೋದ ನಂಬರ್ ಅಂಗಡಿಯ ಒಳಗೇ ಉಳಿಯುತ್ತದೆ ಅನ್ನುವ ಹಾಗಿಲ್ಲ. ಈಗಿನ ಬಿಲ್ಲಿಂಗ್ ಸಾಫ್ಟ್‌ವೇರ್ ಬಹಳಷ್ಟು ಇಂಟರ್ನೆಟ್ ಮೇಲೆ ನಡೆಯುವಂಥದ್ದು. ಹಬ್ಬಕ್ಕೆ ಆಫರ್ ಮೆಸೇಜ್ ಕಳಿಸಲು ಒಂದು ಬಲ್ಕ್ ಎಸ್ಸೆಮ್ಮೆಸ್ ಏಜೆನ್ಸಿ ಇರುತ್ತದೆ, ಅವರಿಗೂ ಪಟ್ಟಿ ಹೋಗುತ್ತದೆ. ಫ್ರಿಜ್, ಟಿವಿ ಅಂಗಡಿಯಾದರೆ ಮೂಲೆಯಲ್ಲಿ ಒಂದು ಸಣ್ಣ ಟೇಬಲ್ ಹಾಕಿಕೊಂಡು ಫೈನಾನ್ಸ್ ಕಂಪನಿಯ ಹುಡುಗ ಕೂತಿರುತ್ತಾನೆ. ಅಂಗಡಿಯ ಟೀ ಶರ್ಟ್ ಹಾಕಿದ್ದರೂ ಅವನು ಅಂಗಡಿಯವನಲ್ಲ. ಕಂತಿಗೆ ಅಂತ ಆಧಾರ್, ಪಾನ್, ಸಂಬಳದ ವಿವರ ಅವನಿಗೆ ಕೊಟ್ಟರೆ ಅದು ಆ ಕ್ಷಣದಲ್ಲೇ ಬೇರೆ ಕಂಪನಿಯ ಪಾಲಾಯಿತು. ಇನ್ನೊಂದು ದಾರಿ ಹೇಳೋಕೂ ಬೇಸರ. ಕೆಲಸ ಬಿಡುವ ನೌಕರ ಪಟ್ಟಿಯನ್ನು ಪೆನ್‌ಡ್ರೈವಿಗೋ ವಾಟ್ಸಾಪಿಗೋ ಹಾಕಿಕೊಂಡು ಹೋಗುತ್ತಾನೆ. ಮಾಲೀಕರಿಗೆ ಅದು ಗೊತ್ತೇ ಆಗುವುದಿಲ್ಲ.

ಕಣ್ಣಿಗೆ ಕಾಣದ ದಾರಿಯೂ ಒಂದಿದೆ. ಅಂಗಡಿಗಳು ತಮ್ಮ ಗಿರಾಕಿಗಳ ನಂಬರ್ ಅಥವಾ ಇಮೇಲ್ ಪಟ್ಟಿಯನ್ನು ಫೇಸ್‌ಬುಕ್ಕಿನಂಥ ಕಂಪನಿಗಳಿಗೆ ಏರಿಸುತ್ತವೆ. ನಂಬರನ್ನು ಹಾಗೇ ಕೊಡುವುದಿಲ್ಲ, ಒಂದು ಸಂಕೇತವಾಗಿ ಬದಲಾಯಿಸಿ ಕೊಡುತ್ತೇವೆ ಅಂತ ಹೇಳುತ್ತಾರೆ. ಆದರೆ ಒಂದು ನಂಬರಿಗೆ ಯಾವಾಗಲೂ ಒಂದೇ ಸಂಕೇತ ಬರುತ್ತದೆ. ಫೇಸ್‌ಬುಕ್ ತನ್ನ ಬಳಿ ಇರುವ ನಂಬರುಗಳನ್ನೂ ಹಾಗೇ ಬದಲಾಯಿಸಿ ಎರಡನ್ನೂ ತಾಳೆ ನೋಡಿದರೆ ಮುಗಿಯಿತು. ಅದು ನೀವೇ ಅಂತ ಗೊತ್ತಾಗುತ್ತದೆ. ಕೆನಡಾದಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಹೋಮ್ ಡಿಪೋ ಅನ್ನುವ ದೊಡ್ಡ ಹಾರ್ಡ್‌ವೇರ್ ಅಂಗಡಿಗಳ ಸರಪಳಿ, ಕಾಗದದ ಬದಲು ಇಮೇಲಿಗೆ ರಸೀದಿ ಕೇಳಿದವರ ವಿವರವನ್ನು ಫೇಸ್‌ಬುಕ್ಕಿನ ಮಾತೃಸಂಸ್ಥೆ ಮೆಟಾಗೆ ಕೊಡುತ್ತಿತ್ತು. ಒಬ್ಬ ಗಿರಾಕಿ ತನ್ನ ಫೇಸ್‌ಬುಕ್ ಖಾತೆ ಅಳಿಸಲು ಹೋದಾಗ, ಅಂಗಡಿಯಲ್ಲಿ ತಾನು ಕೊಂಡದ್ದರ ದಾಖಲೆ ಅಲ್ಲಿ ಇರುವುದನ್ನು ನೋಡಿ ದೂರು ಕೊಟ್ಟ. ಅಲ್ಲಿನ ಖಾಸಗಿತನ ಆಯುಕ್ತರು 2023ರ ಜನವರಿಯಲ್ಲಿ ವರದಿ ಹೊರಡಿಸಿದರು. ರಸೀದಿಗೆ ಅಂತ ಇಮೇಲ್ ಕೊಟ್ಟವರು ಇದಕ್ಕೆಲ್ಲಾ ಒಪ್ಪಿದ ಹಾಗೆ ಆಗಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಅಂಗಡಿಯವರು 2022ರ ಅಕ್ಟೋಬರಿನಲ್ಲೇ ಅದನ್ನು ನಿಲ್ಲಿಸಿದ್ದರು. ನಿಮ್ಮ ಮಗಳಿಗೆ ಫೇಸ್‌ಬುಕ್ ಖಾತೆ ಇದ್ದರೆ, ಬೇರೆ ಕಂಪನಿಗಳು ಅವಳ ಬಗ್ಗೆ ಏನು ಕಳಿಸಿವೆ ಅನ್ನುವುದನ್ನು ತೋರಿಸುವ ಪುಟ ಅದರ ಸೆಟ್ಟಿಂಗಿನಲ್ಲೇ ಇದೆ. ಒಮ್ಮೆ ತೆರೆದು ನೋಡಲಿ.

ಈಗ ಕಾನೂನಿಗೆ ಬರೋಣ.

ನಂಬರ್ ಕೊಡಲೇಬೇಕಾ? ಬೇಡ. ಜಿಎಸ್‌ಟಿ ನಿಯಮದ ಪ್ರಕಾರ ನಮ್ಮಂಥ ಸಾಮಾನ್ಯ ಗಿರಾಕಿಗೆ 50 ಸಾವಿರ ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ಸರಕು ಮಾರಿದರೆ ಬಿಲ್ಲಿನಲ್ಲಿ ಹೆಸರು, ವಿಳಾಸ ಬರೆಯಬೇಕು. ನಿಮ್ಮದು 80 ಸಾವಿರ, ಹಾಗಾಗಿ ಹೆಸರು ವಿಳಾಸ ಕೇಳಿದ್ದರೆ ಅದು ಸರಿಯೇ. ಮೊಬೈಲ್ ನಂಬರ್ ಬೇಕು ಅಂತ ಆ ನಿಯಮದಲ್ಲಿ ಇಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕೂಡ ಇದೇ ಮಾತು ಹೇಳಿತು. ಬಿಲ್ ಕೊಡಲು ನಂಬರ್ ಬೇಕೇ ಬೇಕು ಅಂತ ಅಂಗಡಿಗಳು ಪಟ್ಟು ಹಿಡಿಯುವುದು ಗ್ರಾಹಕ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ ಅಂತ ಇಲಾಖೆ ವ್ಯಾಪಾರಿ ಸಂಘಟನೆಗಳಿಗೆ ತಿಳಿಸಿತು. ಮನೆಗೆ ಸಾಮಾನು ತಲುಪಿಸಬೇಕು, ವಾರಂಟಿ ದಾಖಲಿಸಬೇಕು ಅಂದಾಗ ನಂಬರ್ ಕೇಳುವುದಕ್ಕೆ ಅರ್ಥವಿದೆ. ಸೀರೆಗೆ ಎಂಥ ವಾರಂಟಿ?

ಬೇರೆಯವರಿಗೆ ಕೊಡಬಹುದಾ ಅನ್ನುವುದಕ್ಕೆ ಇವತ್ತೇ ಕೈಗೆ ಸಿಗುವ ಕಾನೂನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019. 2020ರ ಜುಲೈಯಿಂದ ಜಾರಿಯಲ್ಲಿದೆ. ಅದರ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿ ಯಾವುದೆಲ್ಲಾ ಅಂತ ಹೇಳುತ್ತದೆ. ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಇನ್ನೊಬ್ಬರಿಗೆ ತಿಳಿಸುವುದು ಅದರಲ್ಲಿ ಸೇರಿದೆ. ಬೇರೆ ಯಾವುದಾದರೂ ಕಾನೂನಿನ ಪ್ರಕಾರ ತಿಳಿಸಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಅಂಗಡಿಯ ವಕೀಲರು ಹಿಡಿಯುವ ಎಳೆ 'ನಂಬಿಕೆಯಿಂದ' ಅನ್ನುವುದೇ. ಡಬ್ಬಕ್ಕೆ ಹಾಕಿದ ಕೂಪನ್ ಎಂಥ ಗುಟ್ಟು ಅಂತ ಕೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಬಹುಮಾನ ಬಂದರೆ ತಿಳಿಸಲಿ ಅಂತ ನಂಬಿ ನಂಬರ್ ಬರೆದಿರಿ. ರವಿಕೆ ಹೊಲಿಯಲು ಕೊಟ್ಟ ಬಟ್ಟೆಯನ್ನು ದರ್ಜಿ ಇನ್ನೊಬ್ಬರಿಗೆ ಮಾರಿ, ನೀವೇ ತಾನೆ ಕೊಟ್ಟಿದ್ದು ಅಂದರೆ ಒಪ್ಪುತ್ತೀರಾ? ಕೊಟ್ಟದ್ದು ಯಾವುದಕ್ಕೆ ಅನ್ನುವುದೇ ಮುಖ್ಯ.

ಇದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುವ ಕಾನೂನು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಹಿಂದೆಯೇ ಈ ಕಾಯ್ದೆ ಬಂತು. ಇದರಲ್ಲಿ ನಿಮ್ಮ ಪ್ರಶ್ನೆಗೆ ತೀರಾ ಹತ್ತಿರವಾದ ಒಂದು ಉದಾಹರಣೆಯನ್ನು ಕಾಯ್ದೆಯೇ ಕೊಟ್ಟಿದೆ. ಒಬ್ಬರು ಮೆಡಿಕಲ್ ಅಂಗಡಿಯಲ್ಲಿ ಔಷಧಿ ಕೊಂಡು, ದುಡ್ಡು ಸಂದಾಯವಾದ ರಸೀದಿಯನ್ನು ಮೊಬೈಲಿಗೆ ಕಳಿಸಿ ಅಂತ ನಂಬರ್ ಕೊಡುತ್ತಾರೆ. ಅಂಗಡಿ ಆ ನಂಬರನ್ನು ರಸೀದಿ ಕಳಿಸಲು ಬಳಸಬಹುದು ಅಂತ ಅಲ್ಲಿದೆ. ರಸೀದಿಗೆ ಕೊಟ್ಟದ್ದು ರಸೀದಿಗೆ ಮಾತ್ರ. ಬೇರೆಯದಕ್ಕೆ ಬಳಸಬೇಕಾದರೆ ಬೇರೆಯಾಗಿ ಕೇಳಿ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ಸ್ವಂತ ಇಷ್ಟದ್ದಾಗಿರಬೇಕು. ಇಂಥದ್ದಕ್ಕೇ ಅಂತ ನಿರ್ದಿಷ್ಟವಾಗಿರಬೇಕು. ವಿಷಯ ತಿಳಿದು ಕೊಟ್ಟದ್ದಾಗಿರಬೇಕು. ಅದಕ್ಕೆ ಷರತ್ತು ಹಾಕುವ ಹಾಗಿಲ್ಲ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಅಂದರೆ ನೀವು ಕನ್ನಡದಲ್ಲಿ ಕೇಳಬಹುದು. ನಿಮ್ಮ ಕೂಪನ್ನಿನ ಇರುವೆ ಸಾಲು ಈ ಯಾವ ಪರೀಕ್ಷೆಯಲ್ಲೂ ಪಾಸಾಗಲ್ಲ. 'ಸಹಯೋಗಿಗಳು' ಅನ್ನುವುದು ನಿರ್ದಿಷ್ಟವಲ್ಲ. ಓದೋಕೇ ಆಗದ್ದನ್ನು ತಿಳಿದು ಒಪ್ಪಿದೆ ಅನ್ನುವುದಕ್ಕೂ ಆಗಲ್ಲ. ಕಾಗದದ ಮೇಲೆ ಬರೆದದ್ದಕ್ಕೆ ಈ ಕಾಯ್ದೆ ಅನ್ವಯಿಸಲ್ಲ ಅಂತಲೂ ತಪ್ಪಿಸಿಕೊಳ್ಳಲಾರರು. ಕಾಗದದ ವಿವರವನ್ನು ಆಮೇಲೆ ಕಂಪ್ಯೂಟರಿಗೆ ಹಾಕಿದರೆ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ.

ಈ ಕಾಯ್ದೆ ಕೊಡುವ ಇನ್ನೊಂದು ಹಕ್ಕು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ನಿಮ್ಮ ಯಾವ ಯಾವ ವಿವರ ಇಟ್ಟುಕೊಂಡಿದ್ದೀರಿ, ಯಾರು ಯಾರ ಜೊತೆ ಹಂಚಿಕೊಂಡಿದ್ದೀರಿ ಅಂತ ನೀವು ಕೇಳಬಹುದು, ಅವರು ಹೆಸರು ಹೇಳಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ತಗೊಳ್ಳಬಹುದು, ವಿವರ ಅಳಿಸಿ ಅನ್ನಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ನನ್ನ ವಿವರವನ್ನು ಮಾರಾಟದ ಪ್ರಚಾರಕ್ಕೆ ಯಾರಿಗೆ ಕೊಟ್ಟಿರಿ ಅಂತ ಅಂಗಡಿಗಳನ್ನು ಕೇಳುವ ಹಕ್ಕು 2005ರಿಂದಲೇ ಇದೆ. ನಮಗೆ ತಡವಾಗಿ ಬರುತ್ತಿದೆ.

ಬರುತ್ತಿದೆ ಅಂದೆ, ಬಂದಿದೆ ಅನ್ನಲಿಲ್ಲ. ಇದು ಸರಿಯಾಗಿ ತಿಳಿದಿರಲಿ. ಕಾಯ್ದೆಗೆ 2023ರ ಆಗಸ್ಟ್‌ನಲ್ಲೇ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆ, ಸೂಚನೆ, ಅಳಿಸುವುದು ಇವಕ್ಕೆಲ್ಲಾ ಅಂಗಡಿ ಕಂಪನಿಗಳಿಗೆ ಆ ಅಧಿಸೂಚನೆ ಕೊಟ್ಟ ಕಾಲಾವಕಾಶ 18 ತಿಂಗಳು. ಅಂದರೆ 2027ರ ಮೇ. ಇನ್ನೊಂದು ಕೊರತೆಯೂ ಇದೆ. ದಂಡ ಬಹಳ ದೊಡ್ಡದು. ಮಾಹಿತಿಯನ್ನು ಜೋಪಾನ ಮಾಡದೆ ಸೋರಲು ಬಿಟ್ಟರೆ 250 ಕೋಟಿ ರೂಪಾಯಿವರೆಗೂ ಹಾಕಬಹುದು. ಆದರೆ ಆ ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತದೆ. ತೊಂದರೆ ಅನುಭವಿಸಿದ ನಿಮಗೆ ಪರಿಹಾರ ಕೊಡಿಸುವ ದಾರಿ ಈ ಕಾಯ್ದೆಯಲ್ಲಿ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಆದ್ದರಿಂದಲೇ ಪರಿಹಾರ ಬೇಕು ಅನ್ನುವವರು ಹಳೆಯ ಗ್ರಾಹಕ ಆಯೋಗದ ಬಾಗಿಲನ್ನು ಮರೆಯಬಾರದು ಅಂತ ನಾನು ಹೇಳುತ್ತಾ ಬಂದಿದ್ದೇನೆ.

ಈಗ ನಿಮ್ಮ ಕೆಲಸ. ಮೊದಲು ಕರೆಗಳನ್ನು ನಿಲ್ಲಿಸಿ. 1909ಕ್ಕೆ ಕರೆ ಮಾಡಿ, ಇಲ್ಲವೇ 'ಸ್ಟಾರ್ಟ್ 0' ಅಂತ ಇಂಗ್ಲಿಷಿನಲ್ಲಿ ಬರೆದು ಅದೇ ನಂಬರಿಗೆ ಎಸ್ಸೆಮ್ಮೆಸ್ ಮಾಡಿ. ಪ್ರಚಾರದ ಕರೆ, ಮೆಸೇಜ್ ಬೇಡ ಅಂತ ದಾಖಲಾಗುತ್ತದೆ. ಇದಕ್ಕೇ ಡಿಎನ್‌ಡಿ ಅನ್ನುವುದು. ಆದರೆ ಇಷ್ಟಕ್ಕೇ ಎಲ್ಲಾ ನಿಲ್ಲುತ್ತದೆ ಅಂತ ಕೂರಬೇಡಿ. ನೀವು ಒಂದು ಕಂಪನಿಗೆ ಪ್ರತ್ಯೇಕವಾಗಿ ಒಪ್ಪಿಗೆ ಕೊಟ್ಟಿದ್ದರೆ ಡಿಎನ್‌ಡಿ ಇದ್ದರೂ ಆ ಕಂಪನಿ ಮೆಸೇಜ್ ಕಳಿಸಬಹುದು. ವಾಟ್ಸಾಪಿಗೆ ಈ ವ್ಯವಸ್ಥೆ ಅನ್ವಯಿಸುವುದೇ ಇಲ್ಲ, ಅಲ್ಲಿ ಬ್ಲಾಕ್ ಮಾಡಿ ರಿಪೋರ್ಟ್ ಒತ್ತಬೇಕು ಅಷ್ಟೇ.

ಬಂದ ಕರೆಗಳ ಮೇಲೆ ದೂರು ಕೊಡುವುದು ಇದಕ್ಕಿಂತ ಪರಿಣಾಮಕಾರಿ. ನೋಂದಾಯಿತ ಕಂಪನಿಗಳ ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ಮೆಸೇಜ್ ಆದರೆ ಕಳಿಸಿದವರ ಹೆಸರಿನ ಕೊನೆಗೆ ಇಂಗ್ಲಿಷಿನ ಪಿ ಅಕ್ಷರ ಇರುತ್ತದೆ, ಅದು ಪ್ರಚಾರದ್ದು ಅಂತ. ನಿಮಗೆ ಬಂದ ಕರೆಗಳು ಮಾಮೂಲಿ ಹತ್ತು ಅಂಕಿಯ ನಂಬರಿನಿಂದ ಬಂದಿದ್ದರೆ ಅವೇ ನಿಯಮಕ್ಕೆ ವಿರುದ್ಧ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2025ರ ಫೆಬ್ರುವರಿಯಲ್ಲಿ ನಿಯಮ ಬಿಗಿ ಮಾಡಿತು. ಕರೆ ಬಂದ 7 ದಿನದೊಳಗೆ ದೂರು ಕೊಡಬಹುದು, ಮೊದಲು 3 ದಿನ ಇತ್ತು. ನೋಂದಣಿ ಇಲ್ಲದ ನಂಬರಿನ ಮೇಲೆ 5 ದಿನದಲ್ಲಿ ಕ್ರಮ ಆಗಬೇಕು, ಮೊದಲು 30 ದಿನ ಇತ್ತು. ಇಂಥ ನಂಬರಿನ ಮೇಲೆ ದೂರು ಕೊಡಲು ನೀವು ಡಿಎನ್‌ಡಿ ಮಾಡಿಸಿರಬೇಕು ಅಂತಲೂ ಇಲ್ಲ. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಕೊಡುವುದು ಸುಲಭ, ಮಗಳು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾಳೆ. ಯಾರಾದರೂ ಓಟಿಪಿ ಕೇಳಿದರೆ, ಸಾಲ ಮಂಜೂರಾಗಿದೆ ಮೊದಲು ಫೀಸ್ ಕಟ್ಟಿ ಅಂದರೆ, ಅದು ಪ್ರಚಾರ ಅಲ್ಲ, ಮೋಸ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕರೆ ಬಂದಾಗ ಬೈದು ಇಡಬೇಡಿ. ಕೋಪ ಬರುತ್ತದೆ, ನಿಜ. ಆದರೆ ಅವನ ಬಾಯಿಂದ ಎರಡು ವಿಷಯ ಬೇಕು. ಯಾವ ಕಂಪನಿ, ನಂಬರ್ ಎಲ್ಲಿ ಸಿಕ್ಕಿತು. 'ಸಿಸ್ಟಮ್‌ನಲ್ಲಿ ಬಂದಿದೆ ಮೇಡಂ' ಅನ್ನುವುದು ಅವರ ಸಿದ್ಧ ಉತ್ತರ. ಛತ್ರದ ಬಗ್ಗೆ ಆಸಕ್ತಿ ಇರುವವರ ಹಾಗೆ ಸಮಾಧಾನವಾಗಿ ಕೇಳಿದರೆ 'ಆ ಅಂಗಡಿ ಕೂಪನ್ ಲಿಸ್ಟ್' ಅಂತ ಹೇಳಿದರೂ ಹೇಳಬಹುದು. ದಿನಾಂಕ, ಸಮಯ, ನಂಬರ್, ಅವನು ಹೇಳಿದ ಮಾತು ಒಂದು ಹಾಳೆಯಲ್ಲಿ ಬರೆದಿಡಿ. ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೂಪನ್ನಿನ ಅರ್ಧ ಚೀಟಿಯನ್ನು ಬಿಲ್ಲಿನ ಜೊತೆ ಜೋಪಾನ ಮಾಡಿ. ನಿಮ್ಮ ಕೇಸಿನ ಜೀವ ಆ ಚೀಟಿಯಲ್ಲೇ ಇದೆ.

ಆಮೇಲೆ ಅಂಗಡಿಗೆ ಕಾಗದ ಬರೆಯಿರಿ. ಬಾಯಲ್ಲಿ ಕೇಳಿದರೆ 'ಕೊಟ್ಟಿಲ್ಲ' ಅಂದು ಮುಗಿಸುತ್ತಾರೆ, ಕಾಗದಕ್ಕೆ ಹಾಗೆ ಹೇಳೋದು ಕಷ್ಟ. ಆರೋಪ ಬೇಡ, ಪ್ರಶ್ನೆ ಸಾಕು. ಹೀಗೆ ಬರೆಯಬಹುದು:

'ಇಂಥ ದಿನ ನಿಮ್ಮಲ್ಲಿ ಜವಳಿ ಕೊಂಡೆ, ಬಿಲ್ ನಂಬರ್ ಇಷ್ಟು. ಆ ದಿನ ಲಕ್ಕಿ ಡ್ರಾ ಕೂಪನ್ನಿನಲ್ಲಿ ನನ್ನ ವಿವರ ಬರೆದುಕೊಟ್ಟೆ. ಅದರ ನಂತರ, ಆ ಕೂಪನ್ನಿನಲ್ಲಿ ಮಾತ್ರ ಬರೆದಿದ್ದ ವಿಷಯವನ್ನು ಹೇಳಿ ಬೇರೆಯವರು ಕರೆ ಮಾಡುತ್ತಿದ್ದಾರೆ. ಕೂಪನ್ ಯೋಜನೆ ನಡೆಸಿದವರು ಯಾರು, ನನ್ನ ವಿವರ ಯಾರಿಗೆಲ್ಲಾ ಹೋಗಿದೆ, ಹೆಸರು ವಿಳಾಸ ತಿಳಿಸಿ. ಪ್ರಚಾರಕ್ಕೆ ಬಳಸಲು ನನ್ನ ಒಪ್ಪಿಗೆ ಇಲ್ಲ, ಇದೆ ಅಂತ ನೀವು ತಿಳಿದಿದ್ದರೆ ಅದನ್ನು ಈ ಮೂಲಕ ವಾಪಸ್ ಪಡೆದಿದ್ದೇನೆ. ನನ್ನ ವಿವರ ಅಳಿಸಿ, ಪಡೆದವರಿಂದಲೂ ಅಳಿಸಿಸಿ, 15 ದಿನದಲ್ಲಿ ಬರಹದಲ್ಲಿ ಉತ್ತರ ಕೊಡಿ.'

ಇದನ್ನು ಕೈಗೆ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ತಗೊಳ್ಳದಿದ್ದರೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿ. ಎಷ್ಟೋ ಮಾಲೀಕರು ಕಾಗದ ನೋಡಿದ ಮೇಲೆಯೇ ಏಜೆನ್ಸಿಯವರನ್ನು ಕರೆದು ವಿಚಾರಿಸುತ್ತಾರೆ. ಅಲ್ಲಿಗೇ ಮುಗಿದರೆ ಒಳ್ಳೆಯದೇ. ಏಜೆನ್ಸಿ ಮಾಡಿದ್ದು, ನಮಗೆ ಸಂಬಂಧ ಇಲ್ಲ ಅಂದರೆ ಮಾತ್ರ ಒಪ್ಪಬೇಡಿ. ತನ್ನ ಕೆಲಸಕ್ಕೆ ಅಂಗಡಿ ಇಟ್ಟುಕೊಂಡ ಏಜೆನ್ಸಿ ಮಾಡಿದ್ದಕ್ಕೆ ಅಂಗಡಿಯೇ ಜವಾಬ್ದಾರಿ. ಡಬ್ಬ ಇಟ್ಟದ್ದು ಅವರ ಬಾಗಿಲಲ್ಲಿ, ಕೂಪನ್ ಕೊಟ್ಟದ್ದು ಅವರ ಬಿಲ್ಲಿನ ಜೊತೆ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಅವರು ಅಂಗಡಿಯವರನ್ನು ಸಂಪರ್ಕಿಸಿ ರಾಜಿಯಲ್ಲಿ ಮುಗಿಸಲು ನೋಡುತ್ತಾರೆ. ಅದೂ ಆಗದಿದ್ದರೆ ಹಾಸನದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಅಂಗಡಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನೀವು ಕೊಟ್ಟ ಬೆಲೆ 5 ಲಕ್ಷದ ಒಳಗಿರುವುದರಿಂದ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು.

ಸುಮ್ನೆ ಆಸೆ ಹುಟ್ಟಿಸಲು ಇಷ್ಟವಿಲ್ಲ. ಕೇಸ್ ಹಾಕಿದರೆ ಲಕ್ಷ ಲಕ್ಷ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಂಥ ದೂರಿನಲ್ಲಿ ನಂಬರ್ ಹೋದದ್ದು ಇವರಿಂದಲೇ ಅಂತ ತೋರಿಸುವುದೇ ಕಷ್ಟದ ಕೆಲಸ. ಒಂದೇ ನಂಬರನ್ನು ನಾವು ಇಪ್ಪತ್ತು ಕಡೆ ಕೊಟ್ಟಿರುತ್ತೇವೆ. ನಿಮ್ಮ ಅದೃಷ್ಟಕ್ಕೆ ಮದುವೆ ತಿಂಗಳು ಅನ್ನುವ ಗುರುತು ಸಿಕ್ಕಿದೆ. ಅದನ್ನು ಬೇರೆ ಯಾವ ಛತ್ರದವರಿಗೆ, ಮ್ಯಾಟ್ರಿಮೊನಿ ಆ್ಯಪ್‌ಗೆ, ಒಡವೆ ಅಂಗಡಿಗೆ ಹೇಳಿದ್ದಿರಾ ಅಂತ ಮೊದಲು ನೆನಪು ಮಾಡಿಕೊಳ್ಳಿ. ಹೇಳಿದ್ದರೆ ಕಾಗದದಲ್ಲಿ 'ಕೂಪನ್ನಿನಲ್ಲಿ ಮಾತ್ರ' ಅಂತ ಬರೆಯಬೇಡಿ. ನಿಮ್ಮ ಹಾಗೇ ಅದೇ ಕೂಪನ್ ತುಂಬಿದ ಬೇರೆ ಮನೆಯವರು ಸಿಕ್ಕರೆ ಒಟ್ಟಿಗೆ ಹೋಗಿ. ಬಹಳ ಜನರಿಗೆ ಆದ ತೊಂದರೆಯ ಬಗ್ಗೆ ಜಿಲ್ಲಾಧಿಕಾರಿಗಳಿಗೂ ದೂರು ಕೊಡಲು ಗ್ರಾಹಕ ಕಾಯ್ದೆಯಲ್ಲಿ ಅವಕಾಶ ಇದೆ. ನಾಲ್ಕು ಮನೆಯವರು ಸೇರಿ ಕೊಟ್ಟ ದೂರಿನ ತೂಕವೇ ಬೇರೆ.

ಮುಂದೆ ಅಂಗಡಿಗೆ ಹೋದಾಗ ಒಂದು ಉಪಾಯ ಮಾಡಿ. ನಂಬರ್ ಕೊಡಲೇಬೇಕಾದ ಕಡೆ ಹೆಸರಿನ ಇನಿಷಿಯಲ್ ಬೇರೆ ಬೇರೆ ಹೇಳಿ. ಬಟ್ಟೆ ಅಂಗಡಿಗೆ ಒಂದು, ಪಾತ್ರೆ ಅಂಗಡಿಗೆ ಇನ್ನೊಂದು. ಆಮೇಲೆ ಯಾರಾದರೂ ಆ ಇನಿಷಿಯಲ್ ಸೇರಿಸಿ ನಿಮ್ಮ ಹೆಸರು ಕರೆದರೆ ಪಟ್ಟಿ ಯಾವ ಬಾಗಿಲಿಂದ ಹೊರಟಿತು ಅಂತ ತಕ್ಷಣ ಗೊತ್ತಾಗುತ್ತದೆ. ವಾರಂಟಿ ಇರುವ ಸಾಮಾನು, ಚಿನ್ನ, ಸಾಲದ ಕಾಗದ ಇವಕ್ಕೆ ಮಾತ್ರ ಸರಿಯಾದ ಹೆಸರೇ ಇರಲಿ. ಕೂಪನ್ ತುಂಬಲೇಬೇಕು ಅನಿಸಿದರೆ ಹೆಸರು, ನಂಬರ್ ಎರಡು ಸಾಕು. ಬಹುಮಾನದ ಸ್ಕೂಟರ್ ಕೊಡೋಕೆ ಮದುವೆ ಯಾವ ತಿಂಗಳು ಅಂತ ತಿಳಿದು ಅವರಿಗೆ ಆಗಬೇಕಾದ್ದೇನು?

ಇದನ್ನು ಓದುವ ಅಂಗಡಿಯವರಿಗೂ ಒಂದು ಮಾತು ಹೇಳಬೇಕು. ನಿಮ್ಮಲ್ಲಿ ಹೆಚ್ಚಿನವರು ಪಟ್ಟಿ ಮಾರುವವರಲ್ಲ ಅಂತ ನನಗೆ ಗೊತ್ತು. ಆದರೆ ಸಾಫ್ಟ್‌ವೇರಿನವರ ಜೊತೆ, ಮೆಸೇಜ್ ಏಜೆನ್ಸಿಯವರ ಜೊತೆ ನೀವು ಸಹಿ ಹಾಕಿದ ಒಪ್ಪಂದವನ್ನು ಒಮ್ಮೆ ತೆಗೆದು ಓದಿ. ಗಿರಾಕಿಗಳ ಪಟ್ಟಿಯನ್ನು ಅವರು ಬೇರೆ ಕೆಲಸಕ್ಕೆ ಬಳಸಬಾರದು, ಕೆಲಸ ಮುಗಿದ ಮೇಲೆ ಅಳಿಸಬೇಕು ಅನ್ನುವ ಷರತ್ತು ಇಲ್ಲದಿದ್ದರೆ ಈಗಲೇ ಸೇರಿಸಿ. ಬಿಲ್ಲಿಂಗ್ ತೆರೆಯ ಆ ಕೆಂಪು ನಕ್ಷತ್ರವನ್ನು ತೆಗೆಸಿ. ಸಾಫ್ಟ್‌ವೇರಿನವರಿಗೆ ಅದೇನೂ ದೊಡ್ಡ ಕೆಲಸ ಅಲ್ಲ.

ಕೊನೆಗೆ ನಿಮ್ಮ ಮಗಳ ನಂಬರಿನ ವಿಷಯ. ಅದನ್ನು ಬರೆದದ್ದು ನೀವು, ಅವಳಲ್ಲ. ಮದುವೆ ವಯಸ್ಸಿನ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಕಾನೂನಿನ ಕಣ್ಣಿಗೆ ಒಪ್ಪಿಗೆಯೇ ಅಲ್ಲ. ಅಂದರೆ ಅವಳ ನಂಬರನ್ನು ಬೇರೆಯವರಿಗೆ ಕೊಟ್ಟದ್ದನ್ನು ಸಮರ್ಥಿಸಿಕೊಳ್ಳಲು ಅಂಗಡಿಯವರಿಗೆ ಆ ಇರುವೆ ಸಾಲಿನ ಆಸರೆಯೂ ಇಲ್ಲ. ಹಾಗಾಗಿ ಅವಳದು ನಿಮ್ಮದಕ್ಕಿಂತ ಗಟ್ಟಿ ದೂರು. ಮೇಲಿನ ಕಾಗದವನ್ನೇ ಸ್ವಲ್ಪ ಬದಲಾಯಿಸಿ, ನಾನು ಯಾವ ಕೂಪನ್ನನ್ನೂ ತುಂಬಿಲ್ಲ, ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ ಅಂತ ಸೇರಿಸಿ, ಅವಳೇ ಸಹಿ ಮಾಡಿ ಬೇರೆಯಾಗಿ ಕಳಿಸಲಿ. 1909ರ ನೋಂದಣಿಯನ್ನೂ ಅವಳ ನಂಬರಿನಿಂದಲೇ ಮಾಡಬೇಕು. ನಿಮ್ಮ ಫೋನಿನಿಂದ ಮಾಡಿದ್ದು ಅವಳ ನಂಬರಿಗೆ ಸೇರುವುದಿಲ್ಲ.